ಉತ್ತರ ಬೇಡ, ಉತ್ತರ ಸಿಗುತ್ತಾ ಅಂತ ಹೇಳು

ದಸರಾ ರಜೆಗೆ ಆಯನೂರಿನ ಮನೆಗೆ ಹೋಗಿದ್ದಾಗ ದೊಡ್ಡಪ್ಪನ ಮಗಳು, ಅಂದ್ರೆ ನನ್ನ ಅಕ್ಕ, ಬೆಂಗಳೂರಿಂದ ಬಂದಿದ್ದಳು. ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ, ಎಂಬಿಎ ಮಾಡಬೇಕು ಅಂತ ಜಿಮ್ಯಾಟ್‌ಗೆ ಓದುತ್ತಿದ್ದಾಳೆ. ಇದು ಎರಡನೇ ಸಲ. ಮೊದಲ ಸಲ ಸ್ಕೋರ್ ಕೈಕೊಟ್ಟಿದ್ದು ಡೇಟಾ ಸಫಿಶಿಯನ್ಸಿ ಅನ್ನೋ ಪ್ರಶ್ನೆಗಳಲ್ಲಿ. ಆ ಪರೀಕ್ಷೆಯ ಫೀಸ್ ಸಣ್ಣದೇನಲ್ಲ, ಎರಡನೇ ಸಲದ್ದನ್ನ ಅವಳ ಉಳಿತಾಯದಿಂದಲೇ ಕಟ್ಟಿದ್ದಳು.

"ಇಂಜಿನಿಯರಿಂಗ್ ಓದ್ತಿದ್ದೀಯಲ್ಲೋ, ಇದೆಲ್ಲ ಹತ್ತನೇ ಕ್ಲಾಸಿನ ಆಲ್‌ಜೀಬ್ರಾ. ಮಾಡಿ ತೋರಿಸು ನೋಡೋಣ" ಅಂತ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟಳು. ಸೆಕೆಂಡ್ ಇಯರ್ ಹುಡುಗನ ಜಂಬ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಜಗಲಿ ಮೇಲೆ ಕೂತು ಮುಕ್ಕಾಲು ಗಂಟೆ ಬಿಡಿಸಿದೆ. ಹತ್ತರಲ್ಲಿ ಆರು ತಪ್ಪು. ಒಂದೊಂದೇ ಹೆಜ್ಜೆ ಹಿಂದೆ ಹೋಗಿ ನೋಡಿದ್ರೆ ಕೂಡೋದು, ಕಳೆಯೋದು ಬಹುತೇಕ ಸರಿಯಾಗೇ ಇತ್ತು. ಲೆಕ್ಕ ಸರಿ, ಉತ್ತರ ತಪ್ಪು! ಇದು ಹೇಗೆ ಸಾಧ್ಯ ಅನ್ನೋದನ್ನ ಬರೆಯೋಕೇ ಈ ಲೇಖನ. ಪ್ಲೇಸ್‌ಮೆಂಟ್‌ನ ಆಪ್ಟಿಟ್ಯೂಡ್ ಟೆಸ್ಟ್‌ಗಳಲ್ಲೂ ಈ ಜಾತಿಯ ಪ್ರಶ್ನೆ ತಲೆ ಹಾಕುತ್ತೆ, ಹಾಗಾಗಿ ಎಂಬಿಎ ಆಸೆ ಇಲ್ಲದವರೂ ಓದಬಹುದು.

ಮೊದಲು ಪ್ರಶ್ನೆಯ ರೂಪ. ಒಂದು ಪ್ರಶ್ನೆ ಇರುತ್ತೆ, ಅದರ ಕೆಳಗೆ ಎರಡು ಹೇಳಿಕೆ ಇರುತ್ತೆ. ನೀವು ಉತ್ತರ ಕಂಡುಹಿಡಿಯಬೇಕಾಗಿಲ್ಲ. ಉತ್ತರ ಕಂಡುಹಿಡಿಯೋಕೆ ಆ ಹೇಳಿಕೆಗಳು ಸಾಕಾ ಅಂತ ಮಾತ್ರ ಹೇಳಬೇಕು. ಆಯ್ಕೆಗಳು ಯಾವಾಗಲೂ ಅವೇ ಐದು. ಮೊದಲನೆಯದು ಒಂದೇ ಸಾಕು, ಎರಡನೆಯದು ಒಂದೇ ಸಾಲದು ಅಂದ್ರೆ ಎ. ಅದರ ಉಲ್ಟಾ ಆದ್ರೆ ಬಿ. ಒಂದೊಂದೇ ಸಾಲದು, ಸೇರಿದರೆ ಸಾಕು ಅಂದ್ರೆ ಸಿ. ಯಾವುದಾದರೂ ಒಂದೇ ಸಾಕು ಅಂದ್ರೆ ಡಿ. ಎರಡೂ ಸೇರಿದರೂ ಸಾಲದು ಅಂದ್ರೆ ಇ. ಮೊದಲನೆಯದು ಸಾಕು ಅಂತ ಗೊತ್ತಾದ ತಕ್ಷಣ ಉಳಿಯೋದು ಎ, ಡಿ ಮಾತ್ರ. ಸಾಲದು ಅಂತ ಗೊತ್ತಾದ್ರೆ ಬಿ, ಸಿ, ಇ. ಅಂದ್ರೆ ಅರ್ಧ ಪ್ರಶ್ನೆ ಗೊತ್ತಿದ್ದರೂ ಕುರುಡು ಗೆಸ್ ಹೊಡೆಯೋ ಪರಿಸ್ಥಿತಿ ಬರಲ್ಲ.

2023ರ ನವೆಂಬರ್‌ನಲ್ಲಿ ಜಿಮ್ಯಾಟ್‌ನ ಹೊಸ ರೂಪ ಬಂದ ಮೇಲೆ ಈ ಪ್ರಶ್ನೆಗಳು ಗಣಿತದ ವಿಭಾಗದಿಂದ ಹೊರಬಿದ್ದು ಡೇಟಾ ಇನ್‌ಸೈಟ್ಸ್ ಅನ್ನೋ ವಿಭಾಗಕ್ಕೆ ಹೋಗಿವೆ. ಅಲ್ಲಿ 45 ನಿಮಿಷಕ್ಕೆ 20 ಪ್ರಶ್ನೆ, ಅಂದ್ರೆ ಒಂದಕ್ಕೆ ಸರಾಸರಿ ಎರಡೂಕಾಲು ನಿಮಿಷ. ಸ್ಕ್ರೀನ್ ಮೇಲೆ ಕ್ಯಾಲ್ಕುಲೇಟರ್ ಕೂಡ ಕೊಡ್ತಾರೆ. ಅದು ಕೊಟ್ಟಿರೋದೇ ನಮ್ಮಂಥವರನ್ನ ಹಾಳು ಮಾಡೋಕೆ ಅಂತ ನನಗೆ ಅನುಮಾನ, ಯಾಕಂದ್ರೆ ಈ ಪ್ರಶ್ನೆಗೆ ಕ್ಯಾಲ್ಕುಲೇಟರ್ ಹುಡುಕಿದವನು ಬಹಳ ಸಲ ಆಗಲೇ ದಾರಿ ತಪ್ಪಿರ್ತಾನೆ.

ಒಂದು ಸೂಚನೆ. ನಮ್ಮ ಸಂಘದ ಪತ್ರಿಕೆಯಲ್ಲಿ ಎಲ್ಲ ಕನ್ನಡ ಲಿಪಿಯಲ್ಲೇ ಇರಬೇಕು, ಅದಕ್ಕೆ ಎಕ್ಸ್, ವೈ ಬದಲು ಅ, ಬ ಅಂತ ಬರೀತೀನಿ. ಎರಡು ಸಾಲು ಓದಿದ ಮೇಲೆ ಅಭ್ಯಾಸ ಆಗುತ್ತೆ.

ನಾನು ತಪ್ಪಿದ ಮೊದಲ ಪ್ರಶ್ನೆ ಇದು.

ಅ ಎಷ್ಟು?
(1) ಅ² = 5ಅ
(2) ಅ ಸೊನ್ನೆ ಅಲ್ಲ.

ನಾನು ಒಂದನೇ ಹೇಳಿಕೆ ನೋಡಿದೆ, ಎರಡೂ ಕಡೆ ಅ ಹೊಡೆದು ಹಾಕಿದೆ, ಅ = 5 ಬಂತು, ಎ ಅಂತ ಬರೆದೆ. ಹತ್ತು ಸೆಕೆಂಡ್ ಸಾಕಾಯ್ತು ಅಂತ ಖುಷಿ ಬೇರೆ. ಆದರೆ ಅ ಸೊನ್ನೆ ಆಗಿದ್ದರೂ ಆ ಸಮೀಕರಣ ನಿಜವೇ. ಅ ಹೊಡೆದು ಹಾಕಿದಾಗ "ಅ ಸೊನ್ನೆ ಅಲ್ಲ" ಅಂತ ನಾನೇ ಯಾರನ್ನೂ ಕೇಳದೆ ಸೇರಿಸಿಬಿಟ್ಟಿದ್ದೆ. ಆ ಮಾತನ್ನ ಹೇಳೋಕೆ ಎರಡನೇ ಹೇಳಿಕೆ ಪಾಪ ಕಾಯ್ತಾ ಕೂತಿತ್ತು. ಸರಿಯಾದ ಉತ್ತರ ಸಿ.

ಮಾಮೂಲಿ ಪರೀಕ್ಷೆಯಲ್ಲಿ ಈ ತಪ್ಪಿಗೆ ಅರ್ಧ ಮಾರ್ಕ್ಸ್ ಹೋಗಬಹುದು, ಅಥವಾ ಅದೂ ಹೋಗಲ್ಲ. ಇಲ್ಲಿ ಇಡೀ ಪ್ರಶ್ನೆಯೇ ಆ ತಪ್ಪಿನ ಮೇಲೆ ನಿಂತಿರುತ್ತೆ. ಹನ್ನೆರಡು ವರ್ಷ ಸ್ಕೂಲು, ಕಾಲೇಜಿನಲ್ಲಿ ನಮಗೆ ಕಲಿಸಿದ್ದು ಒಂದು ಉತ್ತರ ತಂದು ಅದರ ಕೆಳಗೆ ಎರಡು ಗೆರೆ ಎಳೆಯೋದು. ಉತ್ತರ ಇದ್ದೇ ಇರುತ್ತೆ, ಒಂದೇ ಇರುತ್ತೆ ಅನ್ನೋದು ಪ್ರಶ್ನೆ ತೆಗೆದ ಮೇಷ್ಟ್ರ ಜವಾಬ್ದಾರಿ ಆಗಿತ್ತು. ಇಲ್ಲಿ ಆ ಜವಾಬ್ದಾರಿ ನಮ್ಮ ತಲೆ ಮೇಲೆ.

ಅಕ್ಕ ಹೇಳಿಕೊಟ್ಟ ಉಪಾಯ ಇಷ್ಟೇ. ಹೇಳಿಕೆ ಓದಿದ ಮೇಲೆ ಅದನ್ನ ಬಿಡಿಸೋಕೆ ಹೋಗಬೇಡ, ಕೆಡಿಸೋಕೆ ಹೋಗು. ಹೇಳಿಕೆಗೆ ಒಪ್ಪುವ ಎರಡು ಸಂಖ್ಯೆ ಹುಡುಕು, ಎರಡೂ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡಬೇಕು. ಸಿಕ್ಕರೆ ಆ ಹೇಳಿಕೆ ಸಾಲದು, ಅಲ್ಲಿಗೆ ಅದರ ಕಥೆ ಮುಗೀತು. ಎಷ್ಟು ತಡಕಾಡಿದರೂ ಸಿಗದಿದ್ದರೆ, ಯಾಕೆ ಸಿಗುತ್ತಿಲ್ಲ ಅಂತ ಒಂದು ಸಾಲಿನ ಕಾರಣ ಹೇಳೋಕೆ ಆಗುತ್ತಾ ನೋಡು. ಕಾರಣ ಸಿಕ್ಕರೆ ಮಾತ್ರ ಸಾಕು ಅನ್ನು.

ತಡಕಾಡೋಕೂ ಒಂದು ಕ್ರಮ ಇದೆ. ನಮ್ಮ ಕೈ ತಾನಾಗಿಯೇ 2, 3, 5, 10 ಇಂಥ ಒಳ್ಳೆ ಸಂಖ್ಯೆಗಳನ್ನೇ ಎತ್ತಿಕೊಳ್ಳುತ್ತೆ. ಕೆಡಿಸೋರು ಬೇರೆಯವರು: ಸೊನ್ನೆ, ಋಣ ಸಂಖ್ಯೆಗಳು, ಸೊನ್ನೆಗೂ ಒಂದಕ್ಕೂ ನಡುವಿನ ಭಿನ್ನರಾಶಿಗಳು. ಜಿಮ್ಯಾಟ್‌ನಲ್ಲಿ ಎಲ್ಲವೂ ವಾಸ್ತವ ಸಂಖ್ಯೆಗಳು ಅನ್ನೋ ನಿಯಮ ಇದೆ, ಹಾಗಾಗಿ ಮೈನಸ್ ಒಂದರ ವರ್ಗಮೂಲದ ತನಕ ಹೋಗೋ ಕಷ್ಟ ಇಲ್ಲ. ಆದರೆ "ಪೂರ್ಣಾಂಕ" ಅಂತ ಬರೆದಿಲ್ಲ ಅಂದ್ರೆ ½ ಕೂಡ ಅಷ್ಟೇ ಹಕ್ಕುದಾರ.

ಈಗ ಹೌದು-ಇಲ್ಲ ಜಾತಿಯ ಪ್ರಶ್ನೆ. ನನ್ನ ಆರು ತಪ್ಪಿನಲ್ಲಿ ಎರಡು ಇಲ್ಲೇ ಆಗಿದ್ದು.

ಅ, 5ಕ್ಕಿಂತ ದೊಡ್ಡದಾ?
(1) ಅ² = 9
(2) ಅ > 2

ಒಂದನೆಯದರಲ್ಲಿ ಅ 3 ಆಗಬಹುದು ಅಥವಾ −3 ಆಗಬಹುದು. ಎರಡು ಬೆಲೆ ಬಂತು, ಸಾಲದು ಅಂತ ನಾನು ಹಾಕಿದೆ. ಪ್ರಶ್ನೆ ಕೇಳಿದ್ದು ಅ ಎಷ್ಟು ಅಂತ ಅಲ್ವಲ್ಲ! 5ಕ್ಕಿಂತ ದೊಡ್ಡದಾ ಅಂತ. 3 ಆದರೂ ಇಲ್ಲ, −3 ಆದರೂ ಇಲ್ಲ. ಎರಡು ಸಲವೂ ಖಚಿತವಾಗಿ "ಇಲ್ಲ". ಹಾಗಾಗಿ ಒಂದನೇ ಹೇಳಿಕೆ ಸಾಕು. ಎರಡನೆಯದು ನೋಡಿ: ಅ 3 ಇದ್ದರೆ ಇಲ್ಲ, 10 ಇದ್ದರೆ ಹೌದು, ಸಾಲದು. ಉತ್ತರ ಎ.

"ಇಲ್ಲ" ಅನ್ನೋದೂ ಒಂದು ಉತ್ತರ. ಓದೋಕೆ ಸಿಲ್ಲಿ ಅನ್ಸುತ್ತೆ, ಆದರೆ ಗಡಿಯಾರ ಓಡ್ತಾ ಇರುವಾಗ ತಲೆ "ಇಲ್ಲ"ವನ್ನ "ಸಾಲದು" ಅಂತ ಅನುವಾದ ಮಾಡಿಬಿಡುತ್ತೆ. ಅಕ್ಕ ಮೊದಲ ಪರೀಕ್ಷೆಯಲ್ಲಿ ಬಿದ್ದಿದ್ದೂ ಇದೇ ಗುಂಡಿಗೆ. ಈಗ ಅವಳು ಹೌದು-ಇಲ್ಲ ಪ್ರಶ್ನೆ ಬಂದ ಕೂಡಲೇ ಹಾಳೆಯ ಮೂಲೆಯಲ್ಲಿ "ಯಾವಾಗಲೂ?" ಅಂತ ಬರೆದುಕೊಳ್ಳುತ್ತಾಳೆ. ಯಾವಾಗಲೂ ಹೌದಾ, ಯಾವಾಗಲೂ ಇಲ್ಲವಾ, ಎರಡರಲ್ಲಿ ಒಂದಾದರೆ ಸಾಕು.

ಮೂರನೇ ತಪ್ಪು ಸ್ವಲ್ಪ ನಾಚಿಕೆಗೇಡಿನದು.

ಅ > ಬ ಹೌದಾ?
(1) ಅ/ಬ > 1
(2) ಅ + ಬ > 0

ಒಂದನೆಯದರಲ್ಲಿ ಗುಣಿಸಿ ಅ > ಬ ಅಂದುಬಿಡೋ ಆಸೆ ಆಗುತ್ತೆ. ಬ ಋಣ ಇದ್ದರೆ ಚಿಹ್ನೆ ತಿರುಗುತ್ತೆ ಅಂತ ನೆನಪಾಯ್ತು. 4, 2 ಇಟ್ಟರೆ ಹೌದು. −4, −2 ಇಟ್ಟರೆ ಭಾಗಲಬ್ಧ 2 ಬರುತ್ತೆ, ಆದರೆ −4 ಚಿಕ್ಕದು. ಸಾಲದು. ಇಲ್ಲಿಯ ತನಕ ಸರಿ. ಆಮೇಲೆ ಎರಡನೆಯದನ್ನ ಓದಿ, "ಆಹಾ, ಮೊತ್ತ ಧನ, ಹಾಗಾದ್ರೆ ಎರಡೂ ಧನ, ಅ ದೊಡ್ಡದು" ಅಂತ ಬಿ ಬರೆದೆ. ಎರಡೂ ಒಂದೇ ಚಿಹ್ನೆಯವು ಅಂತ ಎರಡನೇ ಹೇಳಿಕೆ ಎಲ್ಲಿ ಹೇಳಿತ್ತು? ಅದು ಒಂದನೆಯದರ ಮಾತು. ಎರಡನೆಯದನ್ನ ಒಂಟಿಯಾಗಿ ನೋಡಿದರೆ 3, 1 ಆಗಬಹುದು, 1, 3 ಕೂಡ ಆಗಬಹುದು. ಸರಿಯಾದ ಉತ್ತರ ಸಿ. ಒಂದನೆಯದರ ನೀರು ಎರಡನೆಯದರ ಪಾತ್ರೆಗೆ ಸೋರಿತ್ತು. ಅಕ್ಕ ಇದಕ್ಕೆ ಒಂದನೇ ಹೇಳಿಕೆ ಮೇಲೆ ಅಂಗೈ ಅಡ್ಡ ಇಟ್ಟು ಎರಡನೆಯದನ್ನ ಓದ್ತಾಳೆ. ಚಿಕ್ಕ ಮಕ್ಕಳ ಆಟದ ಥರ ಕಾಣುತ್ತೆ, ಕೆಲಸ ಮಾಡುತ್ತೆ.

ಇನ್ನೊಂದು ಉಪಕಾರಿ ನಿಯಮ ಇಲ್ಲೇ ಹೇಳಿಬಿಡ್ತೀನಿ: ಜಿಮ್ಯಾಟ್‌ನಲ್ಲಿ ಎರಡು ಹೇಳಿಕೆಗಳು ಒಂದಕ್ಕೊಂದು ವಿರುದ್ಧ ಇರೋದಿಲ್ಲ. ಒಂದರಿಂದ ಅ = 5, ಇನ್ನೊಂದರಿಂದ ಅ = 7 ಬಂತು ಅಂದ್ರೆ ತಪ್ಪು ಪ್ರಶ್ನೆಯದ್ದಲ್ಲ, ನಿಮ್ಮದು.

ಈಗ ಇಂಜಿನಿಯರ್‌ಗಳಿಗೆ ಇಷ್ಟ ಆಗೋ ಭಾಗ. "ಎರಡು ಅಜ್ಞಾತ ಇದ್ದರೆ ಎರಡು ಸಮೀಕರಣ ಬೇಕು, ಎರಡಿದ್ದರೆ ಸಾಕು" ಅನ್ನೋದು ನಮಗೆಲ್ಲ ಬಾಯಿಪಾಠ. ಈ ಮಾತು ಎರಡೂ ಕಡೆಯಿಂದ ಸುಳ್ಳಾಗುತ್ತೆ. ನಮ್ಮ ಕಡೆಯ ಅಡಿಕೆ ಇಟ್ಟುಕೊಂಡು ಒಂದು ಪ್ರಶ್ನೆ ಮಾಡಿದ್ದೀನಿ, ದರ ಲೆಕ್ಕಕ್ಕೆ ಇಟ್ಟಿದ್ದು, ಯಾರೂ ಮಂಡಿಗೆ ತಗೊಂಡು ಹೋಗಬೇಡಿ.

ಒಂದು ಕ್ವಿಂಟಲ್ ರಾಶಿ ಅಡಿಕೆಯ ಬೆಲೆ ಎಷ್ಟು?
(1) 2 ಕ್ವಿಂಟಲ್ ರಾಶಿ, 3 ಕ್ವಿಂಟಲ್ ಬೆಟ್ಟೆ ಸೇರಿ 2,60,000 ರೂಪಾಯಿ.
(2) 4 ಕ್ವಿಂಟಲ್ ರಾಶಿ, 6 ಕ್ವಿಂಟಲ್ ಬೆಟ್ಟೆ ಸೇರಿ 5,20,000 ರೂಪಾಯಿ.

ಎರಡು ಅಜ್ಞಾತ, ಎರಡು ಸಮೀಕರಣ, ಸಿ ಅಂತ ಕೈ ಓಡುತ್ತೆ. ಆದರೆ ಎರಡನೆಯದು ಒಂದನೆಯದರ ಡಬಲ್, ಹೊಸದೇನೂ ಹೇಳಿಲ್ಲ. ರಾಶಿ 55,000, ಬೆಟ್ಟೆ 50,000 ಇರಬಹುದು; ರಾಶಿ 58,000, ಬೆಟ್ಟೆ 48,000 ಕೂಡ ಇರಬಹುದು. ಉತ್ತರ ಇ. ಇದನ್ನ ಅಪ್ಪನಿಗೆ ತೋರಿಸಿದೆ. "ಬೆಲೆ ಬೇಕಿದ್ರೆ ಮಂಡಿಗೆ ಫೋನ್ ಮಾಡಬೇಕು ಕಣೋ, ಇದರಲ್ಲಿ ಎಲ್ಲಿ ಸಿಗುತ್ತೆ" ಅಂದರು. ತಮಾಷೆಗೆ ಅಂದಿದ್ದೋ ನಿಜಕ್ಕೂ ನೋಡಿ ಅಂದಿದ್ದೋ ಗೊತ್ತಾಗಲಿಲ್ಲ, ಉತ್ತರ ಮಾತ್ರ ಪಕ್ಕಾ ಸರಿ.

ಈಗ ಹೇಳಿಕೆ ಮುಟ್ಟದೆ ಪ್ರಶ್ನೆ ಮಾತ್ರ ಬದಲಿಸಿ. "6 ಕ್ವಿಂಟಲ್ ರಾಶಿ, 9 ಕ್ವಿಂಟಲ್ ಬೆಟ್ಟೆ ಸೇರಿ ಎಷ್ಟು?" ಒಂದನೆಯದನ್ನ ಮೂರರಿಂದ ಗುಣಿಸಿದರೆ ಮುಗೀತು, ಎರಡನೆಯದನ್ನ ಒಂದೂವರೆಯಿಂದ ಗುಣಿಸಿದರೂ ಮುಗೀತು. ಉತ್ತರ ಡಿ. ರಾಶಿ ಬೆಲೆ ಈಗಲೂ ಗೊತ್ತಿಲ್ಲ, ಬೆಟ್ಟೆ ಬೆಲೆಯೂ ಗೊತ್ತಿಲ್ಲ, ಗೊತ್ತಾಗೋ ಅವಶ್ಯಕತೆಯೂ ಇಲ್ಲ. ಅದೇ ಮಾಹಿತಿ ಒಂದು ಪ್ರಶ್ನೆಗೆ ಏನೂ ಸಾಲದು, ಇನ್ನೊಂದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ.

ಮ್ಯಾಟ್ರಿಕ್ಸ್ ಪಾಠದಲ್ಲಿ ರ‍್ಯಾಂಕ್ ಅಂತ ಓದಿದ್ದು ನೆನಪಿದೆಯಾ? ನಾನಂತೂ ರೋ ರಿಡಕ್ಷನ್ ಮಾಡಿ, ಸೊನ್ನೆ ಅಲ್ಲದ ಸಾಲುಗಳನ್ನ ಎಣಿಸಿ, ಮಾರ್ಕ್ಸ್ ತಗೊಂಡು ಮರೆತಿದ್ದೆ. ಅದು ಎಣಿಸ್ತಾ ಇದ್ದಿದ್ದು ಇದನ್ನೇ: ಎಷ್ಟು ಸಾಲುಗಳು ನಿಜವಾಗಿ ಹೊಸ ಮಾತು ಹೇಳ್ತಿವೆ ಅಂತ. ಮೇಲಿನ ಅಡಿಕೆ ಲೆಕ್ಕದಲ್ಲಿ ಸಾಲು ಎರಡು, ರ‍್ಯಾಂಕ್ ಒಂದು. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಕೇಳಿದ ಮೊತ್ತವನ್ನ ಕೊಟ್ಟಿರೋ ಸಾಲುಗಳನ್ನ ಗುಣಿಸಿ, ಕೂಡಿ ಕಟ್ಟೋಕೆ ಆಗುತ್ತಾ ಅನ್ನೋದಷ್ಟೇ ಪ್ರಶ್ನೆ. ಆಗುತ್ತೆ ಅಂದ್ರೆ, ಅಂದ್ರೆ ಅದು ರೋ ಸ್ಪೇಸ್‌ನಲ್ಲಿ ಇದೆ ಅಂದ್ರೆ, ಮಾಹಿತಿ ಸಾಕು. ಇಲ್ಲ ಅಂದ್ರೆ ಸಾಲದು. ಸರಳ ಸಮೀಕರಣಗಳ ಡೇಟಾ ಸಫಿಶಿಯನ್ಸಿಗೆ ಇಡೀ ಸಿದ್ಧಾಂತ ಇಷ್ಟೇ, ನಮ್ಮ ಸಿಲಬಸ್‌ನಲ್ಲೇ ಇತ್ತು.

ಆದರೆ ಇದಕ್ಕೂ ಒಂದು ಬಾಗಿಲು ಬಿಟ್ಟುಹೋಗಿದೆ. ಅಜ್ಞಾತಗಳು ಪೂರ್ಣಾಂಕ ಆಗಿದ್ದರೆ ರ‍್ಯಾಂಕ್ ಮಾತು ನಡೆಯಲ್ಲ.

ಸಂಜೆ ಗೆಳೆಯರು ಮಿರ್ಚಿ, ಟೀ ತಗೊಂಡರು. ಮಿರ್ಚಿ ಒಂದಕ್ಕೆ 7 ರೂಪಾಯಿ, ಟೀ ಒಂದಕ್ಕೆ 12. ಎಷ್ಟು ಮಿರ್ಚಿ?
(1) ಒಟ್ಟು ಬಿಲ್ 81 ರೂಪಾಯಿ.
(2) ಮಿರ್ಚಿ, ಟೀ ಎರಡೂ ಸೇರಿ ಎಂಟು.

ಒಂದನೆಯದು 7ಅ + 12ಬ = 81. ಒಂದೇ ಸಮೀಕರಣ, ಎರಡು ಅಜ್ಞಾತ, ಸಾಲದು; ಎರಡನೆಯದನ್ನ ಸೇರಿಸಿದರೆ ಬರುತ್ತೆ; ಸಿ. ನಾನು ಬರೆದಿದ್ದು ಇದನ್ನೇ. ಆದರೆ ಅರ್ಧ ಮಿರ್ಚಿ ಯಾರೂ ಕೊಡಲ್ಲ. ಟೀ ಒಂದು ಅಂದುಕೊಂಡರೆ 69 ಉಳಿಯುತ್ತೆ, ಏಳರಿಂದ ಹೋಗಲ್ಲ. ಎರಡು ಟೀಗೆ 57, ಮೂರಕ್ಕೆ 45, ನಾಲ್ಕಕ್ಕೆ 33, ಯಾವುದೂ ಹೋಗಲ್ಲ. ಐದು ಟೀಗೆ 21, ಮೂರು ಮಿರ್ಚಿ, ಸರಿಹೋಯ್ತು. ಆರಕ್ಕೆ 9, ಇಲ್ಲ. ಟೀಯೇ ಇಲ್ಲ ಅಂದ್ರೆ 81, ಅದೂ ಇಲ್ಲ. ಇರೋದು ಒಂದೇ ದಾರಿ. ಒಂದನೇ ಹೇಳಿಕೆ ಒಂದೇ ಸಾಕು. ಎರಡನೆಯದು ಒಂಟಿಯಾಗಿ ಏನೂ ಹೇಳಲ್ಲ. ಉತ್ತರ ಎ.

ಹಾಗಂತ ಪೂರ್ಣಾಂಕ ಕಂಡ ತಕ್ಷಣ ಸಾಕು ಅನ್ನೋಕೂ ಆಗಲ್ಲ. ಬಿಲ್ 115 ಆಗಿದ್ದರೆ 2 ಟೀ, 13 ಮಿರ್ಚಿ ಆಗಬಹುದು. 9 ಟೀ, 1 ಮಿರ್ಚಿ ಕೂಡ ಆಗಬಹುದು. ಸಾಲದು. ಬಿಲ್ ಮಾತ್ರ ಬದಲಾಯ್ತು, ಉತ್ತರ ತಿರುಗಿಬಿತ್ತು. ಯಾಕೆ ಅಂತ ಒಂದು ರಾತ್ರಿ ಯೋಚನೆ ಮಾಡಿದೆ, ಕಾರಣ ಬಹಳ ಸರಳ. 7 ಟೀ ಬೆಲೆಯೂ 84 ರೂಪಾಯಿ, 12 ಮಿರ್ಚಿ ಬೆಲೆಯೂ 84 ರೂಪಾಯಿ. ಬಿಲ್ ಬದಲಾಗದ ಹಾಗೆ ಒಂದನ್ನ ಇನ್ನೊಂದಕ್ಕೆ ಅದಲುಬದಲು ಮಾಡಬೇಕು ಅಂದ್ರೆ ಕನಿಷ್ಠ 84 ರೂಪಾಯಿಯ ಮಾಲು ಕೈಯಲ್ಲಿರಬೇಕು. 81 ರೂಪಾಯಿಯ ಬಿಲ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ, ಹಾಗಾಗಿ ಎರಡನೇ ಉತ್ತರ ಇರೋಕೆ ಸಾಧ್ಯವೇ ಇಲ್ಲ. 84 ಅಂದ್ರೆ 7 ಮತ್ತು 12ರ ಲಸಾಅ. ಮೊತ್ತ ಲಸಾಅಗಿಂತ ಕಡಿಮೆ ಇದ್ದರೆ ಉತ್ತರ ಒಂದಕ್ಕಿಂತ ಹೆಚ್ಚು ಇರೋಲ್ಲ, ಪಟ್ಟಿ ಮಾಡಿ ಕೂರೋದೂ ಬೇಡ. ಜಾಸ್ತಿ ಇದ್ದರೆ ಮಾತ್ರ ಹುಷಾರಾಗಿ ನೋಡಬೇಕು. ಇದನ್ನ ಅಕ್ಕನಿಗೆ ಹೇಳಿದಾಗ ಅವಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಆರು ತಪ್ಪಿನ ಅವಮಾನ ಅಲ್ಲಿಗೆ ಸ್ವಲ್ಪ ತೀರಿತು.

ನಾನೇ ಕಂಡುಹಿಡಿದೆ ಅಂತ ಬೀಗೋ ಹಾಗಿಲ್ಲ. ಪೂರ್ಣಾಂಕದ ಇಂಥ ಸಮೀಕರಣಗಳಿಗೆ ನಮ್ಮ ಹಳಬರು ಕುಟ್ಟಕ ಅಂತ ಹೆಸರಿಟ್ಟಿದ್ದರು. 499ರ ಸುಮಾರಿಗೆ ಆರ್ಯಭಟ ಅದರ ವಿಧಾನ ಹೇಳಿದ್ದಾನೆ. 9ನೇ ಶತಮಾನದಲ್ಲಿ ಮಹಾವೀರಾಚಾರ್ಯ ತನ್ನ ಸಂಸ್ಕೃತ ಗ್ರಂಥ ಗಣಿತಸಾರಸಂಗ್ರಹದಲ್ಲಿ ಅದನ್ನ ವಿಸ್ತಾರವಾಗಿ ತಗೊಂಡಿದ್ದಾನೆ. ಅದರ ಆರಂಭದಲ್ಲಿ ಅವನು ಹೊಗಳುವ ರಾಜ ಅಮೋಘವರ್ಷ, ಅಂದ್ರೆ ನಾವು ಕವಿರಾಜಮಾರ್ಗದ ಜೊತೆ ನೆನೆಯುವ ಅದೇ ರಾಷ್ಟ್ರಕೂಟ ನೃಪತುಂಗ. ಆ ಪುಸ್ತಕದಲ್ಲಿ ಒಂದು ಹಕ್ಕಿ ಲೆಕ್ಕ ಇದೆ. 3 ಪಣಕ್ಕೆ 5 ಪಾರಿವಾಳ, 5 ಪಣಕ್ಕೆ 7 ಸಾರಸ, 7 ಪಣಕ್ಕೆ 9 ಹಂಸ, 9 ಪಣಕ್ಕೆ 3 ನವಿಲು. ರಾಜಕುಮಾರನ ಆಟಕ್ಕೆ 100 ಪಣಕ್ಕೆ ಸರಿಯಾಗಿ 100 ಹಕ್ಕಿ ತರಬೇಕು.

ನಾನು ಇದನ್ನ ಡೇಟಾ ಸಫಿಶಿಯನ್ಸಿ ಥರ ನೋಡಿದೆ. ಪಾರಿವಾಳ ಎಷ್ಟು? 5 ಪಾರಿವಾಳ, 56 ಸಾರಸ, 27 ಹಂಸ, 12 ನವಿಲು ತಂದರೆ ಹಕ್ಕಿ ನೂರು, ಹಣ 3 + 40 + 21 + 36, ಅದೂ ನೂರು. 10 ಪಾರಿವಾಳ, 42 ಸಾರಸ, 36 ಹಂಸ, 12 ನವಿಲು ತಂದರೂ ನೂರಕ್ಕೆ ನೂರು. ಎರಡು ಬೇರೆ ಉತ್ತರ ಸಿಕ್ಕಿತು, ಸಾಲದು. ಹೇಳಿದ ಕಟ್ಟುಗಳ ಲೆಕ್ಕದಲ್ಲೇ, ಪ್ರತಿ ಜಾತಿಯಲ್ಲೂ ಒಂದು ಕಟ್ಟಾದರೂ ಇರಬೇಕು ಅಂತ ಇಟ್ಟುಕೊಂಡು ಕೂತು ಎಣಿಸಿದರೆ ಒಟ್ಟು ಆರು ದಾರಿ ಸಿಗುತ್ತೆ, ಉಳಿದ ನಾಲ್ಕನ್ನ ಬೋರ್ ಹೊಡೆಯೋ ಲ್ಯಾಬ್ ಅವಧಿಗೆ ಇಟ್ಟುಕೊಳ್ಳಿ. ಹಕ್ಕಿ ತರೋಕೆ ಹೊರಟವನಿಗೆ ಒಂದು ದಾರಿ ಸಿಕ್ಕರೆ ಸಾಕು, ಅವನ ಕೆಲಸ ಆಯ್ತು. "ಎಷ್ಟು ಪಾರಿವಾಳ ತಂದ" ಅಂತ ಹೇಳಬೇಕಾದವನಿಗೆ ಆರು ದಾರಿ ಇರೋದೇ ತೊಂದರೆ. ನಾವು ಪರೀಕ್ಷೆಗೆ ಕೂತಾಗ ಹಕ್ಕಿ ತರುವವರಲ್ಲ, ಹೇಳಬೇಕಾದವರು.

ರಜೆ ಮುಗಿಸಿ ಬರೋ ದಿನ ಆಯನೂರಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಕೂತು ಅಕ್ಕನಿಗೆ ನಾನೇ ಒಂದು ಪ್ರಶ್ನೆ ಮಾಡಿ ಕಳಿಸಿದೆ. ದರ ಇದರಲ್ಲೂ ನನ್ನದೇ.

ಒಂದು ಬಸ್ಸಿನಲ್ಲಿ ಫುಲ್ ಟಿಕೆಟ್ 25 ರೂಪಾಯಿ, ಹಾಫ್ ಟಿಕೆಟ್ 13. ಕಂಡಕ್ಟರ್ ಎಷ್ಟು ಹಾಫ್ ಟಿಕೆಟ್ ಕೊಟ್ಟರು?
(1) ಒಟ್ಟು ಕಲೆಕ್ಷನ್ 214 ರೂಪಾಯಿ.
(2) ದುಡ್ಡು ಕೊಟ್ಟು ತಗೊಂಡ ಟಿಕೆಟ್ ಒಟ್ಟು 10.

ಕುಂಸಿ ದಾಟಿ ಬಂದ ಬಸ್ಸು, ನಿಲ್ಲೋಕೂ ಜಾಗ ಇರಲಿಲ್ಲ, ಅಷ್ಟರಲ್ಲೇ ಅವಳ ಫೋನ್ ಬಂತು. "ಸಿ" ಅಂದಳು. ನಾನು ಏನೂ ಹೇಳಲಿಲ್ಲ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ತಡಿ, ತಡಿ ಮಾರಾಯ, ಫೋನ್ ಇಡಬೇಡ" ಅಂದಳು.